ಗಾಜು ಒಡೆಯುವ ಬಗೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಊರುಗಳ ಹೆಸರಿನ ಹಿಂದೆಯೇ ಕಲ್ಲು ನೆನಪಾಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಪರಸಿ, ಅಂದರೆ ಸುಣ್ಣಕಲ್ಲಿನ ಹಾಸು. ಮಾಳಿಗೆಗೆ ಪರಸಿ. ಗೋಡೆಯ ಗೂಡಿಗೆ, ಅಡುಗೆ ಕಟ್ಟೆಗೆ, ಬಾಗಿಲ ಮುಂದಿನ ಪಾವಟಿಗೆಗೆ ಪರಸಿ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ನೆಲ ಅಗೆದಾಗ ಹೊರಬಂದ ಬೌದ್ಧ ಸ್ತೂಪವೂ ಸುಣ್ಣಕಲ್ಲಿನದೇ. ಅದರ ಒಂದು ಚಪ್ಪಡಿಯ ಮೇಲೆ ಅಶೋಕನ ಆಕೃತಿ ಇದೆ. ಜೊತೆಗೆ ಅವನ ಹೆಸರೂ ಇದೆ. ಸುಮಾರು 2000 ವರ್ಷದ ಹಿಂದಿನ ಕೆತ್ತನೆ ಅದು. ಇವತ್ತಿಗೂ ಓದಲು ಬರುತ್ತದೆ.

ಕಲ್ಲಿನ ವಿಷಯದಲ್ಲಿ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಣಿಯಲ್ಲಿ ಕೆಲಸ ಮಾಡಿದವನು ಪರಸಿಯನ್ನು ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಬಲ್ಲ. ಯಾವ ಹಾಸು ಮಾಳಿಗೆಗೆ, ಯಾವುದು ಅಂಗಳಕ್ಕೆ ಎಂಬುದು ಮನೆ ಕಟ್ಟುವ ಪ್ರತಿಯೊಬ್ಬನಿಗೂ ಗೊತ್ತು.

ಆದರೆ ಈಗ ಇದೇ ಊರುಗಳ ಪೇಟೆ ಬೀದಿಯಲ್ಲಿ ನಡೆದು ನೋಡಿ. ಬ್ಯಾಂಕಿನ ಬಾಗಿಲು ಗಾಜಿನದು. ಔಷಧ ಅಂಗಡಿಯ ಮುಂಭಾಗ ಗಾಜಿನದು. ಬಂಗಾರದ ಅಂಗಡಿ, ಮೊಬೈಲ್ ಅಂಗಡಿ, ದವಾಖಾನೆ, ಕಲ್ಯಾಣ ಮಂಟಪ, ಎಲ್ಲೆಡೆ ಗಾಜು. ಮನೆಯೊಳಗೆ ಮೆಟ್ಟಿಲಿನ ರೇಲಿಂಗು ಗಾಜಿನದು. ಊಟದ ಮೇಜು, ಬಚ್ಚಲಿನ ಅಡ್ಡಗೋಡೆ, ಗ್ಯಾಸ್ ಒಲೆಯ ಮೇಲ್ಭಾಗ, ಇವೂ ಗಾಜು.

ಗಾಜಿನ ಅಂಗಡಿಗೆ ಹೋದವರು ಕೇಳುವುದು ಎರಡೇ ಮಾತು. "ಎಷ್ಟ ದಪ್ಪ ಅದ್ರಿ? ಎಷ್ಟ ರೊಕ್ಕ ಆಗ್ತದ್ರಿ?" ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ. "ಎಂಟು ಎಂಎಂ ಹಾಕ್ಸ್ರಿ ಸಾಹೇಬ್ರ, ದಪ್ಪ ಅದ, ಏನೂ ಆಗಂಗಿಲ್ಲ." ಮೂರನೆಯ ಮಾತನ್ನು ಯಾರೂ ಕೇಳುವುದಿಲ್ಲ. "ಒಡೆದ್ರ ಹ್ಯಾಂಗ ಒಡಿತದ್ರಿ?" ಈ ಮೂರನೆಯ ಮಾತನ್ನೇ ಇವತ್ತು ನಿಮ್ಮೊಂದಿಗೆ ಆಡಬೇಕೆಂದಿದ್ದೇನೆ. ಗಾಜು ಎಂದಮೇಲೆ ಒಂದಲ್ಲ ಒಂದು ದಿನ ಒಡೆಯುತ್ತದೆ. ಅದು ಒಡೆಯುವ ಬಗೆಯ ಮೇಲೆ ಹತ್ತಿರ ನಿಂತವರ ಜೀವ ಉಳಿಯುವುದು, ಹೋಗುವುದು ನಿಂತಿರುತ್ತದೆ.

ಮೊದಲು ಸಾದಾ ಗಾಜು.

ಗಾಜು ಹುಟ್ಟುವುದು ಮುಖ್ಯವಾಗಿ ಮೂರು ವಸ್ತುಗಳಿಂದ. ಮರಳು, ಸೋಡಾ, ಸುಣ್ಣಕಲ್ಲು. ಮುಕ್ಕಾಲು ಪಾಲಿನ ಹತ್ತಿರ ಮರಳಿನ ಅಂಶ. ಸೋಡಾ ಬೆರೆಸುವುದು ಮರಳು ಬೇಗ ಕರಗಲಿ ಎಂದು. ಸೋಡಾ ಮಾತ್ರ ಬೆರೆಸಿದರೆ ಆ ಗಾಜು ನೀರಿನಲ್ಲಿ ಕರಗುತ್ತದೆ. ಅದನ್ನು ತಡೆಯುವುದು ಸುಣ್ಣಕಲ್ಲು. ನಮ್ಮ ಸೀಮೆಯಲ್ಲಿ ಸಿಮೆಂಟಿಗೆ ಸುಡುವ ಕಲ್ಲಿನ ಜಾತಿಯೇ ಗಾಜಿಗೆ ಬಾಳಿಕೆ ಕೊಡುತ್ತದೆ ಎಂದರೆ ಕೇಳುಗರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಗಾಜಿಗೆ ಬಳಸುವ ಸುಣ್ಣಕಲ್ಲು ಮಾತ್ರ ಬಹಳ ಶುದ್ಧವಾಗಿರಬೇಕು. ಕಬ್ಬಿಣದ ಅಂಶ ಸ್ವಲ್ಪ ಹೆಚ್ಚಾದರೂ ಗಾಜು ಹಸಿರಾಗುತ್ತದೆ.

ಈ ಮೂರನ್ನೂ ಸುಮಾರು 1500 ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸುತ್ತಾರೆ. ತವರದ ಮೇಲ್ಮೈ ನಿಂತ ನೀರಿನಷ್ಟು ಸಮ. ಅದರ ಮೇಲೆ ಹರಡಿದ ಗಾಜೂ ಅಷ್ಟೇ ಸಮವಾಗುತ್ತದೆ. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ ಈ ವಿಧಾನ ರೂಪಿಸಿದರು. 1959ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಇಂದು ನಮ್ಮ ಕಿಟಕಿಗಳ ಗಾಜೆಲ್ಲ ಬಹುತೇಕ ಹೀಗೆ ತೇಲಿ ಬಂದದ್ದೇ. ತೇಲಿದ ಗಾಜನ್ನು ನಿಧಾನವಾಗಿ, ಬಹಳ ನಿಧಾನವಾಗಿ ಆರಿಸುತ್ತಾರೆ. ಹಾಗೆ ಆರಿಸಿದರೆ ಒಳಗೆ ಯಾವ ಎಳೆತವೂ ಉಳಿಯುವುದಿಲ್ಲ. ವಜ್ರದ ಮೊನೆಯಿಂದ ಗೀರಿ ಬೇಕಾದ ಅಳತೆಗೆ ಕತ್ತರಿಸಬಹುದು.

ಸಾದಾ ಗಾಜಿನ ಕಷ್ಟ ಒಡೆದಾಗ ಕಾಣುತ್ತದೆ. ಬಿರುಕು ಒಂದು ಕಡೆಯಿಂದ ಹೊರಟು ಉದ್ದಕ್ಕೆ ಓಡುತ್ತದೆ. ತುಂಡುಗಳು ಉದ್ದ, ಚೂಪು. ಚೌಕಟ್ಟಿನ ಮೇಲಂಚಿನಲ್ಲಿ ಒಂದು ತುಂಡು ನೇತಾಡುತ್ತಲೇ ಇರುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುವಾಗ ಮಣಿಕಟ್ಟಿನ ನರ ಕತ್ತರಿಸುವುದು ಅದೇ ತುಂಡು. ಓಡಿ ಬಂದ ಮಗು ಬಾಗಿಲಿನ ಗಾಜಿಗೆ ಡಿಕ್ಕಿ ಹೊಡೆದಾಗ ಮೊದಲ ಪೆಟ್ಟಿಗಿಂತ, ಆಮೇಲೆ ಆ ಚೂಪು ತುಂಡುಗಳ ಮೇಲೆ ಬೀಳುವುದೇ ಅಪಾಯ.

ಇಲ್ಲಿ ದಪ್ಪದ ಮಾತು ಬರುತ್ತದೆ. ಒಂದು ಎಂಎಂ ದಪ್ಪದ ಗಾಜು ಒಂದು ಚದರ ಮೀಟರಿಗೆ ಎರಡೂವರೆ ಕಿಲೊ ತೂಗುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲಿಗೆ 8 ಎಂಎಂ ಗಾಜು ಹಾಕಿದರೆ 40 ಕಿಲೊ ಆಯಿತು. 12 ಎಂಎಂ ಹಾಕಿದರೆ 60 ಕಿಲೊ. ದಪ್ಪ ಸಾದಾ ಗಾಜು ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ನಿಜ. ಒಡೆದರೆ ಬೀಳುವ ತುಂಡು ಹೆಚ್ಚು ಭಾರ, ಅಷ್ಟೇ ಚೂಪು. "ದಪ್ಪ ಅದ, ಏನೂ ಆಗಂಗಿಲ್ಲ" ಎಂಬ ಮಾತಿನಲ್ಲಿ ಸತ್ಯದ ಈ ಇನ್ನರ್ಧ ಬಿಟ್ಟುಹೋಗುತ್ತದೆ.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಸಾದಾ ಗಾಜು ಉದ್ದನೆಯ ಚೂಪು ತುಂಡಾಗಿ ಒಡೆಯುತ್ತದೆ. ದಪ್ಪ ಹೆಚ್ಚಿಸಿದರೆ ಆ ಗುಣ ಬದಲಾಗುವುದಿಲ್ಲ. ಗುಣ ಬದಲಿಸಲು ಎರಡು ದಾರಿ ಇವೆ. ಒಂದು ಶಾಖದ ದಾರಿ. ಇನ್ನೊಂದು ಅಂಟಿನ ದಾರಿ.

ಶಾಖದ ದಾರಿಯಿಂದ ಬರುವುದೇ ಅಂಗಡಿಯವರು ಟಫನ್ ಎನ್ನುವ ಗಾಜು. ಹದಗೊಳಿಸಿದ ಗಾಜು ಎನ್ನಬಹುದು.

ಇದರ ಹಿಂದಿನ ಗುಟ್ಟು ಯುರೋಪಿನವರನ್ನು ಬಹಳ ಕಾಲ ಕಾಡಿತ್ತು. ಕರಗಿದ ಗಾಜಿನ ಹನಿಯೊಂದನ್ನು ತಣ್ಣೀರಿಗೆ ಬೀಳಿಸಿದರೆ ಅದು ಬಾಲವಿರುವ ಹನಿಯ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹನಿಯ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಬಾಲದ ತುದಿಯನ್ನು ಚಿವುಟಿದರೆ ಸಾಕು, ಇಡೀ ಹನಿ ಕ್ಷಣದಲ್ಲಿ ಪುಡಿ. 1660ರ ಹೊತ್ತಿಗೆ ರೂಪರ್ಟ್ ಎಂಬ ರಾಜಕುಮಾರ ಇಂಥ ಹನಿಗಳನ್ನು ಇಂಗ್ಲೆಂಡಿಗೆ ತಂದ. ಅಲ್ಲಿನ ರಾಯಲ್ ಸೊಸೈಟಿಯ ಪಂಡಿತರು ಅವನ್ನು ಪರೀಕ್ಷೆಗೆ ಹಚ್ಚಿದರು. ಉಪಯೋಗಕ್ಕೆ ಬರಲು ಇನ್ನೂ 200 ವರ್ಷ ಬೇಕಾಯಿತು. 1874ರಲ್ಲಿ ಫ್ರಾನ್ಸಿನ ದ ಲಾ ಬಾಸ್ಟಿ ಎಂಬುವರು ಕಾದ ಗಾಜನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಈಗ ಎಣ್ಣೆ ಹೋಗಿ ಗಾಳಿ ಬಂದಿದೆ.

ಕೆಲಸ ಹೀಗೆ ನಡೆಯುತ್ತದೆ. ಗಾಜನ್ನು ಮೊದಲೇ ಅಳತೆಗೆ ಕತ್ತರಿಸುತ್ತಾರೆ. ತೂತು ಬೇಕಿದ್ದರೆ ಆಗಲೇ ಕೊರೆಯುತ್ತಾರೆ. ಅಂಚು ಉಜ್ಜುತ್ತಾರೆ. ಆಮೇಲೆ ಕುಲುಮೆಯಲ್ಲಿ 600 ಡಿಗ್ರಿ ದಾಟುವಂತೆ ಕಾಯಿಸುತ್ತಾರೆ. ಹೊರಗೆ ಬಂದ ಕೂಡಲೇ ಎರಡೂ ಬದಿಯಿಂದ ತಣ್ಣನೆಯ ಗಾಳಿ ರಭಸದಿಂದ ಬೀಸುತ್ತದೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ಬಿಸಿ. ಆಮೇಲೆ ಒಳಗಿನದು ಆರುತ್ತ ಕುಗ್ಗುತ್ತದೆ. ಕುಗ್ಗುವಾಗ ಗಟ್ಟಿಯಾದ ಮೇಲ್ಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ.

ಬಂಡಿಯ ಗಾಲಿಗೆ ಹಳಿ ಕಟ್ಟುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ಏರಿಸುತ್ತಾರೆ. ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಮರವನ್ನು ಅವಚಿ ಹಿಡಿಯುತ್ತದೆ. ಗಾಲಿಯಲ್ಲಿ ಹೊರಗಿನದು ಕುಗ್ಗಿ ಒಳಗಿನದನ್ನು ಒತ್ತುತ್ತದೆ. ಗಾಜಿನಲ್ಲಿ ಒಳಗಿನದು ಕುಗ್ಗಿ ಹೊರಗಿನದನ್ನು ಒತ್ತುತ್ತದೆ. ಒತ್ತಿ ಹಿಡಿದ ಮೇಲ್ಮೈಯಲ್ಲಿ ಬಿರುಕು ಬಾಯಿ ಬಿಡಲಾರದು. ಹಾಗಾಗಿ ಹದಗೊಂಡ ಗಾಜಿಗೆ ಸಾದಾ ಗಾಜಿನ ನಾಲ್ಕೈದು ಪಟ್ಟು ಬಲ.

ಒಳಗೆ ಅಷ್ಟು ಬಿಗಿ ಇರುವುದರಿಂದ ಬಿರುಕು ಒಮ್ಮೆ ಒಳಗಿನವರೆಗೆ ಹೊಕ್ಕರೆ ಇಡೀ ಗಾಜು ಒಟ್ಟಿಗೆ ಒಡೆಯುತ್ತದೆ. ಕಾಳಿನ ಗಾತ್ರದ, ಮೊಂಡು ಅಂಚಿನ ಸಣ್ಣ ತುಂಡುಗಳಾಗುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಐದು ಸೆಂಟಿಮೀಟರ್ ಚೌಕದಲ್ಲಿ ಎಣಿಸಿದರೆ ಕಡಿಮೆ ಎಂದರೂ 40 ತುಂಡು ಸಿಗಬೇಕು. ಚರ್ಮ ತರಚುತ್ತದೆ. ನರ ಕತ್ತರಿಸುವ ಸಂಭವ ಬಹಳ ಕಡಿಮೆ. ಬಾಗಿಲಿಗೆ, ಬಚ್ಚಲಿನ ಅಡ್ಡಗೋಡೆಗೆ, ಮೇಜಿನ ಮೇಲ್ಹಾಸಿಗೆ, ರೇಲಿಂಗು ಬಿಟ್ಟು ಸೊಂಟಕ್ಕಿಂತ ಕೆಳಗಿನ ಎಲ್ಲ ಗಾಜಿಗೂ ಇದು ಸರಿ.

ಇದರಲ್ಲಿ ಮೂರು ಎಚ್ಚರ ಬೇಕು. ಹದಗೊಳಿಸಿದ ಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಅಳತೆ ತಪ್ಪಿದರೆ ಹೊಸ ಗಾಜೇ ಬೇಕು. ಅದಕ್ಕೇ ಚೌಕಟ್ಟು ನಿಂತ ಮೇಲೆ ಅಳತೆ ಕೊಡಿ. ಯಾರಾದರೂ ನಿಮ್ಮ ಮನೆಯ ಅಂಗಳದಲ್ಲೇ ಟಫನ್ ಗಾಜನ್ನು ಗೀರಿ ಕತ್ತರಿಸಿ ಕೊಟ್ಟರೆ, ಅದು ಟಫನ್ ಅಲ್ಲ ಎಂದು ತಿಳಿಯಿರಿ. ಎರಡನೆಯದು, ಇದರ ಅಂಚು, ಮೂಲೆ ಬಹಳ ನಾಜೂಕು. ಮುಖದ ಮೇಲೆ ಬಿದ್ದ ಪೆಟ್ಟು ತಾಳುತ್ತದೆ. ಬರಿಯ ಪರಸಿ ನೆಲಕ್ಕೆ ಮೂಲೆ ತಗುಲಿದರೆ ಮುಗಿಯಿತು. ಗಾಡಿಯಿಂದ ಇಳಿಸುವಾಗ ಕೆಳಗೆ ಕಟ್ಟಿಗೆ ಪಟ್ಟಿ ಇಡಲೇಬೇಕು.

ಮೂರನೆಯದು ಸ್ವಲ್ಪ ವಿಚಿತ್ರ. ಕೆಲವೊಮ್ಮೆ ಯಾರೂ ಮುಟ್ಟದೆ, ತಂತಾನೇ ಒಡೆಯುತ್ತದೆ. ಗಾಜು ಕರಗುವಾಗ ನಿಕ್ಕಲ್ ಮತ್ತು ಗಂಧಕ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಒಳಗೆ ಉಳಿದಿರುತ್ತದೆ. ಅದು ತಿಂಗಳು, ವರ್ಷ ಕಳೆದಂತೆ ನಿಧಾನಕ್ಕೆ ಹಿಗ್ಗುತ್ತದೆ. ಬಿಗಿಯಾದ ಒಳಭಾಗದಲ್ಲಿ ಅದು ಹಿಗ್ಗಿದರೆ ಗಾಜು ಸಿಡಿಯುತ್ತದೆ. ಇದನ್ನು ಮೊದಲೇ ಕಂಡುಹಿಡಿಯಲು ಕಾರ್ಖಾನೆಯಲ್ಲಿ ಗಾಜನ್ನು ಮತ್ತೆ 250 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಒಡೆಯುವುದು ಅಲ್ಲೇ ಒಡೆಯಲಿ ಎಂದು. ಹೀಟ್ ಸೋಕ್ ಎನ್ನುತ್ತಾರೆ. ಎತ್ತರದ ಕಟ್ಟಡಕ್ಕೆ ಗಾಜು ತರಿಸುವವರು ಈ ಪರೀಕ್ಷೆ ಆಗಿದೆಯೇ ಎಂದು ಕೇಳಲೇಬೇಕು.

ಅಡುಗೆಮನೆಯ ತಾಯಂದಿರಿಗೆ ಇಲ್ಲೊಂದು ಮಾತು. ಗ್ಯಾಸ್ ಒಲೆಯ ಮೇಲಿನ ಗಾಜೂ ಈ ಹದಗೊಳಿಸಿದ ಜಾತಿಯದೇ. ಸಾದಾ ಗಾಜು ತನ್ನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ 40 ಡಿಗ್ರಿ ವ್ಯತ್ಯಾಸ ಬಂದರೆ ಸೀಳಬಹುದು. ಇದು 200 ಡಿಗ್ರಿಯವರೆಗೆ ತಾಳುತ್ತದೆ. ಆದರೆ ನಮ್ಮ ಅಡುಗೆ ಬೇರೆ. ಜೋಳದ ರೊಟ್ಟಿಯ ಹಂಚು ದೊಡ್ಡದು, ಭಾರದ್ದು. ಉರಿ ಜೋರು. ಹಂಚಿನ ಅಂಚು ಬರ್ನರ್ ದಾಟಿ ಹೊರಗೆ ಚಾಚಿರುತ್ತದೆ. ಅದರ ಕಾವು ನೇರ ಗಾಜಿನ ಮೇಲೆ ಬಡಿಯುತ್ತದೆ. ರೊಟ್ಟಿಯ ಮೇಲೆ ನೀರು ಸವರುವಾಗ ತಣ್ಣನೆಯ ಹನಿ ಆ ಕಾದ ಗಾಜಿಗೆ ಬೀಳುತ್ತದೆ. ಹಂಚು ಎಳೆದಾಡಿದ ಗೀರುಗಳು ಮೊದಲೇ ಇರುತ್ತವೆ. ಗೀರು ಆಳವಾದಷ್ಟೂ ಬಲ ಕಡಿಮೆ. ದಿನವೂ ರಾಶಿ ರೊಟ್ಟಿ ಬಡಿಯುವ ಮನೆಗೆ ಉಕ್ಕಿನ ಒಲೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದಕ್ಕಾಗಿ ಗಾಜು ಬೇಕೇ ಬೇಕೆಂದರೆ, ಹಂಚನ್ನು ಎತ್ತಿ ಇಡಿ, ಎಳೆಯಬೇಡಿ. ಬಿಸಿ ಇರುವಾಗ ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಮತ್ತೊಮ್ಮೆ ಹೇಳುತ್ತೇನೆ. ಸಾದಾ ಗಾಜು ಚೂಪಾಗಿ ಒಡೆಯುತ್ತದೆ. ಹದಗೊಳಿಸಿದ ಗಾಜು ಕಾಳಾಗಿ ಒಡೆಯುತ್ತದೆ. ಆದರೆ ಎರಡೂ ಚೌಕಟ್ಟು ಖಾಲಿ ಮಾಡಿ ಕೆಳಗೆ ಬೀಳುತ್ತವೆ. ಬೀಳಬಾರದ ಜಾಗದಲ್ಲಿ ಏನು ಮಾಡಬೇಕು? ಅಲ್ಲಿಗೆ ಅಂಟಿನ ದಾರಿ.

ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಓಡಾಡುವ ನಿಮಗೆ ಇದರ ಪರಿಚಯ ಇದೆ. ಚಾಲಕನ ಮುಂದಿನ ಗಾಜಿಗೆ ಕಲ್ಲು ಸಿಡಿದಿದೆ ಎನ್ನಿ. ಗಾಜಿನ ತುಂಬ ಬಿರುಕು ಹರಡುತ್ತದೆ. ಆದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಬಸ್ಸಿನ ಬದಿಯ ಕಿಟಕಿಯ ಗಾಜು ಒಡೆದರೆ ಸೀಟಿನ ಮೇಲೆಲ್ಲ ಕಾಳು ಸುರಿದಂತೆ ಸುರಿಯುತ್ತದೆ. ಬದಿಯದು ಹದಗೊಳಿಸಿದ ಗಾಜು. ಮುಂದಿನದು ಪದರಗಾಜು, ಅಂಗಡಿಯವರ ಮಾತಿನಲ್ಲಿ ಲ್ಯಾಮಿನೇಟೆಡ್.

ಇದರ ಕಥೆ ಹೀಗಿದೆ. 1903ರಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನಜ್ಞರ ಪ್ರಯೋಗಶಾಲೆಯಲ್ಲಿ ಗಾಜಿನ ಸೀಸೆಯೊಂದು ಎತ್ತರದಿಂದ ಬಿತ್ತಂತೆ. ಬಿರುಕು ಬಿಟ್ಟರೂ ಚೂರು ಚೆದುರಲಿಲ್ಲ. ಒಳಗೆ ಹಿಂದೆ ತುಂಬಿದ್ದ ದ್ರಾವಣ ಆರಿ, ತೆಳುವಾದ ಪೊರೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಮೋಟಾರು ಅಪಘಾತಗಳಲ್ಲಿ ಗಾಜು ತಗುಲಿ ಜನ ಗಾಯಗೊಳ್ಳುತ್ತಿದ್ದ ಕಾಲ ಅದು. ಅವರು ಎರಡು ಗಾಜಿನ ನಡುವೆ ಅಂಥ ಪೊರೆ ಇಟ್ಟು ಒತ್ತಿದರು. 1909ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ಮೊದಲ ಮಹಾಯುದ್ಧದಲ್ಲಿ ವಿಷಗಾಳಿ ತಡೆಯುವ ಮುಖವಾಡಗಳ ಕಣ್ಣಿಗೆ ಈ ಗಾಜು ಬಂತು. ಆ ಕಾಲದ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದಲ್ಲಿ ಪಿವಿಬಿ ಎಂಬ ಹೊಸ ಪೊರೆ ಬಂದ ಮೇಲೆ ಆ ಕೊರತೆ ನೀಗಿತು. ಇಂದಿಗೂ ಅದೇ ಹೆಚ್ಚು ಬಳಕೆಯಲ್ಲಿದೆ.

ಪೊರೆ ಬಹಳ ತೆಳು. ಅರ್ಧ ಎಂಎಂಗೂ ಕಡಿಮೆಯಿಂದ ಸುರುವಾಗುತ್ತದೆ. ಎರಡು ಗಾಜು, ನಡುವೆ ಪೊರೆ, ಮೇಲೆ ಶಾಖ ಮತ್ತು ಒತ್ತಡ. ಮೂರೂ ಸೇರಿ ಒಂದಾಗುತ್ತವೆ. ನೋಡಲು ಒಂದೇ ಗಾಜಿನಂತೆ ಇರುತ್ತದೆ. ಒಡೆದಾಗ ತುಂಡು ಪೊರೆಗೆ ಅಂಟಿ ಉಳಿಯುತ್ತದೆ. ಕಳ್ಳ ಒಡೆದರೂ ಒಳಗೆ ಕೈ ಹಾಕಲು ಹೊತ್ತು ಹಿಡಿಯುತ್ತದೆ. ಪದರದ ಮೇಲೆ ಪದರ ಸೇರಿಸಿದರೆ ಗುಂಡು ತಡೆಯುವ ಗಾಜೂ ಆಗುತ್ತದೆ. ಹೊರಗಿನ ಸದ್ದೂ ಕಡಿಮೆಯಾಗುತ್ತದೆ. ಲಾರಿಗಳ ಸಾಲು ಹಗಲು ರಾತ್ರಿ ಹೋಗುವ ಸಿಮೆಂಟ್ ಕಾರ್ಖಾನೆಯ ರಸ್ತೆಯಲ್ಲಿ ಮನೆ ಇರುವವರಿಗೆ ಇದು ಸಣ್ಣ ಲಾಭವೇನಲ್ಲ.

ಎಲ್ಲೆಲ್ಲಿ ಪದರಗಾಜು ಬೇಕು? ತಲೆಯ ಮೇಲೆ ಬರುವ ಗಾಜಿಗೆ ಬೇಕು. ಅಂಗಡಿ ಮುಂದಿನ ಗಾಜಿನ ಚಾವಣಿ, ಮನೆಯ ನಡುವೆ ಬೆಳಕಿಗೆ ಬಿಟ್ಟ ಗವಾಕ್ಷಿ, ಇಂಥವು. ಮೆಟ್ಟಿಲು ಮತ್ತು ಬಾಲ್ಕನಿಯ ರೇಲಿಂಗಿಗೆ ಬೇಕು. ರೇಲಿಂಗಿಗೆ ಬರಿಯ ಟಫನ್ ಹಾಕಿದ ಮನೆಗಳು ಈಗ ಹೆಚ್ಚುತ್ತಿವೆ. ಇದು ನನಗೆ ನಿಜಕ್ಕೂ ಕಳವಳ ತರುತ್ತದೆ. ಅದಕ್ಕೆ ಒರಗಿ ನಿಂತವರ ಎದುರಿನ ಗಾಜು ಕ್ಷಣದಲ್ಲಿ ಕಾಳಾಗಿ ಸುರಿದರೆ ಅಲ್ಲಿ ರೇಲಿಂಗೇ ಇರುವುದಿಲ್ಲ. ಎರಡು ಹದಗೊಳಿಸಿದ ಗಾಜಿನ ನಡುವೆ ಪೊರೆ ಇಟ್ಟ ಪದರಗಾಜು, ಮೇಲೆ ಕೈ ಹಿಡಿಯಲು ಗಟ್ಟಿ ಪಟ್ಟಿ, ಇಷ್ಟಿದ್ದರೆ ನಡೆದೀತು. ಖರ್ಚು ಹೆಚ್ಚೆನಿಸಿದರೆ ಕಬ್ಬಿಣದ ಕಂಬಿಯೇ ಇರಲಿ.

ಪದರಗಾಜಿನ ಶತ್ರು ಅಂಚಿನಿಂದ ಬರುತ್ತದೆ. ನೀರು ನಿಂತರೆ ಪೊರೆ ಬಿಡಿಸಿಕೊಳ್ಳುತ್ತದೆ. ಗಾಜಿನ ಅಂಚಿನಲ್ಲಿ ಬಿಳಿ ಮೋಡದಂಥ ಕಲೆ ಕಂಡರೆ ಅದೇ ಕಾರಣ. ಗಾಜು ಕೂರಿಸುವ ಸಿಲಿಕಾನ್ ಅಂಟಿನಲ್ಲೂ ಎರಡು ಜಾತಿ ಇವೆ. ಹಚ್ಚುವಾಗ ಹುಳಿಹುಳಿ ವಾಸನೆ ಹೊಡೆಯುವ ಅಗ್ಗದ ಜಾತಿ ಪೊರೆಯನ್ನು ಕೆಡಿಸುತ್ತದೆ. ಹುಳಿ ವಾಸನೆ ಇಲ್ಲದ, ನ್ಯೂಟ್ರಲ್ ಎಂದು ಬರೆದಿರುವ ಅಂಟನ್ನು ಕೇಳಿ ಹಾಕಿಸಿ.

ತಂತಿ ಹೆಣೆದ ಗಾಜನ್ನೂ ಹಳೆಯ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ನೋಡಿರುತ್ತೀರಿ. ಒಳಗೆ ಸಣ್ಣ ಜಾಲರಿ ಇರುತ್ತದೆ. ಅಮೆರಿಕದ ಫ್ರಾಂಕ್ ಶೂಮನ್ 1892ರ ಹೊತ್ತಿಗೆ ಇದನ್ನು ಮಾಡಿದರು.  ತಂತಿ ಗಾಜು ಬೆಂಕಿಯಲ್ಲಿ ಬಿರುಕು ಬಿಟ್ಟರೂ ಸ್ವಲ್ಪ ಹೊತ್ತು ಜಾಗದಲ್ಲೇ ನಿಲ್ಲುತ್ತದೆ. ಆದರೆ ತಂತಿ ಇದೆ ಎಂದು ಬಲ ಹೆಚ್ಚೆಂದು ತಿಳಿಯಬಾರದು. ಸಾದಾ ಗಾಜಿಗಿಂತ ಇದು ದುರ್ಬಲವೇ. ಕೈ ತೂರಿದರೆ ತಂತಿಯೂ ಗಾಜೂ ಸೇರಿ ಗಾಯ ಮಾಡುತ್ತವೆ. ಶಾಲೆಯ ಬಾಗಿಲಿಗೆ ಇದು ಬೇಡವೇ ಬೇಡ.

ಸಾದಾ, ಹದಗೊಳಿಸಿದ, ಪದರ, ತಂತಿ. ನಾಲ್ಕು ಬಗೆ ಕೇಳಿದಿರಿ. ಇನ್ನು ಇವನ್ನು ನಮ್ಮ ಸೀಮೆಯ ಬಿಸಿಲಿಗೆ, ನೆಲಕ್ಕೆ ಹೊಂದಿಸಿ ನೋಡೋಣ.

ಬಿಸಿಲಿನದು ದೊಡ್ಡ ಮಾತು. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಶಾಖ 42, 43 ಡಿಗ್ರಿ ದಾಟುತ್ತದೆ. ಪಡುವಣಕ್ಕೆ ಮುಖ ಮಾಡಿದ ಅಂಗಡಿಯ ಗಾಜು ಗಾಳಿಗಿಂತ ಹೆಚ್ಚು ಕಾಯುತ್ತದೆ. ನಡುಭಾಗ ಬಿಸಿಲಿನಲ್ಲಿ, ಅಂಚು ಚೌಕಟ್ಟಿನ ಒಳಗೆ ನೆರಳಿನಲ್ಲಿ. ಮೇಲರ್ಧಕ್ಕೆ ತಗಡಿನ ನೆರಳು, ಕೆಳಗೆ ಉರಿಬಿಸಿಲು. ಒಳಗಿನಿಂದ ಎಸಿಯ ತಂಪು. ಇದರ ಮೇಲೆ ಕಪ್ಪು ಫಿಲ್ಮು, ದೊಡ್ಡ ಜಾಹೀರಾತಿನ ಸ್ಟಿಕ್ಕರು. ಕಪ್ಪು ಬಣ್ಣ ಬಿಸಿ ಹೀರುತ್ತದೆ. ಸಾದಾ ಗಾಜಿಗೆ 40 ಡಿಗ್ರಿ ವ್ಯತ್ಯಾಸವೇ ಮಿತಿ ಎಂದು ಆಗಲೇ ಹೇಳಿದೆ. ಮಧ್ಯಾಹ್ನ ಯಾರೂ ಮುಟ್ಟದೆ ಗಾಜು ಸೀಳಿದರೆ ಕಾರಣ ಇದೇ ಇರಬಹುದು. ಬಿರುಕು ಅಂಚಿನಿಂದ ನೇರವಾಗಿ ಹೊರಟು ಆಮೇಲೆ ಅಂಕುಡೊಂಕಾಗಿ ಓಡಿದ್ದರೆ ಅದು ಬಿಸಿಲಿನ ಬಿರುಕು. ಬಣ್ಣದ ಗಾಜು, ಫಿಲ್ಮು ಹಚ್ಚುವ ಗಾಜು ನಮ್ಮಲ್ಲಿ ಶಾಖದ ಹದ ಕಂಡದ್ದೇ ಆಗಿರಬೇಕು. ಅರ್ಧ ಹದ ಮಾಡಿದ ಗಾಜೂ ಸಿಗುತ್ತದೆ. ಸಾದಾ ಗಾಜಿನ ಎರಡು ಪಟ್ಟು ಬಲ, ಬಿಸಿಲು ತಾಳುತ್ತದೆ. ಆದರೆ ಅದು ದೊಡ್ಡ ತುಂಡಾಗಿ ಒಡೆಯುತ್ತದೆ. ಒಂಟಿಯಾಗಿ ಅದನ್ನು ಬಾಗಿಲಿಗೆ ಹಾಕಬಾರದು.

ನೆಲದ ಮಾತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿದ್ದನ್ನು ನೀವು ಮರೆತಿಲ್ಲ. ದೊಡ್ಡ ಕಂಪನದ ತೀವ್ರತೆ ಸುಮಾರು 4. ಜನ ರಾತ್ರಿ ಹೊರಗೆ ಮಲಗಿದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಡುಕ ನಮ್ಮ ಜಿಲ್ಲೆಗೂ ತಟ್ಟಿತ್ತು. ನೆಲ ನಡುಗಿದಾಗ ಚೌಕಟ್ಟು ಕೊಂಚ ಓರೆಯಾಗುತ್ತದೆ. ಅದರ ಮೂಲೆ ಗಾಜಿನ ಮೂಲೆಗೆ ಒತ್ತುತ್ತದೆ. ಚೌಕಟ್ಟಿಗೂ ಗಾಜಿಗೂ ನಡುವೆ ಕೆಲವು ಎಂಎಂ ಸಂದು, ಸಂದಿನಲ್ಲಿ ರಬ್ಬರ್ ಪಟ್ಟಿ ಇದ್ದರೆ ಗಾಜು ಉಳಿಯುತ್ತದೆ. ಕಲ್ಲಿನ ಗೋಡೆಯಲ್ಲಿ ತೋಡು ಕೊರೆದು, ಗಾಜು ಸಿಗಿಸಿ, ಸಿಮೆಂಟ್ ಮೆತ್ತುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಅದನ್ನು ನಿಲ್ಲಿಸಬೇಕು. ಮಂಚದ ತಲೆಯ ಕಡೆ ದೊಡ್ಡ ಕನ್ನಡಿ, ದೊಡ್ಡ ಗಾಜಿನ ಪಟ ಬೇಡ. ಇರುವ ಹಳೆಯ ಕಿಟಕಿಗಳನ್ನು ಕಿತ್ತು ಹಾಕಲಾಗದವರು ಒಳಮೈಗೆ ಪಾರದರ್ಶಕ ಸುರಕ್ಷತಾ ಫಿಲ್ಮು ಅಂಟಿಸಬಹುದು. ಒಡೆದರೆ ತುಂಡು ಅದಕ್ಕೆ ಅಂಟಿ ನಿಲ್ಲುತ್ತದೆ.

ಬಿಸಿಲು ಆಯಿತು, ನಡುಕ ಆಯಿತು. ಇನ್ನು ಬೆಂಕಿ. ಇಲ್ಲಿ ನಮ್ಮ ಪ್ರಶ್ನೆ ತಿರುಗಿ ನಿಲ್ಲುತ್ತದೆ.

2010ರ ಫೆಬ್ರವರಿ 23. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿತು. ಉರಿಗಿಂತ ಹೊಗೆ ಹೆಚ್ಚು. ಮೇಲಿನ ಅಂತಸ್ತುಗಳಲ್ಲಿದ್ದವರಿಗೆ ಉಸಿರು ಕಟ್ಟಿತು. ಗಾಜು ಒಡೆದು ಗಾಳಿಗೆ ಮುಖ ಒಡ್ಡಿದರು. ಕೆಲವರು ಆ ಎತ್ತರದಿಂದ ಹಾರಿದರು. ಒಂಬತ್ತು ಜನ ತೀರಿಕೊಂಡರು. ಅನೇಕರು ಗಾಯಗೊಂಡರು.

ಇಷ್ಟು ಹೊತ್ತು ಗಾಜು ಒಡೆದರೂ ಬೀಳಬಾರದು ಎಂದೆ. ಹೊಗೆ ತುಂಬಿದ ಕೋಣೆಯಲ್ಲಿ ಅದೇ ಗುಣ ಬೇಡಿಯಾಗುತ್ತದೆ. ಪದರಗಾಜನ್ನು ಕುರ್ಚಿಯಿಂದ ಎಷ್ಟು ಬಡಿದರೂ ದಾರಿ ಬಿಡುವುದಿಲ್ಲ. ಹದಗೊಳಿಸಿದ ಗಾಜನ್ನು ಮೂಲೆಯ ಹತ್ತಿರ ಮೊನಚಾದ ಸುತ್ತಿಗೆಯಿಂದ ಹೊಡೆದರೆ ಸುರಿದುಬೀಳುತ್ತದೆ. ರೈಲಿನ ಎಸಿ ಡಬ್ಬಿಯಲ್ಲಿ ಕಿಟಕಿಯ ಬಳಿ ಸಣ್ಣ ಕೆಂಪು ಸುತ್ತಿಗೆ ಇಟ್ಟಿರುವುದು ಇದಕ್ಕೇ. ಹೊಡೆಯಬೇಕಾದ್ದು ಮೂಲೆಗೆ, ನಡುವಿಗಲ್ಲ. ಹೊಗೆಯಲ್ಲಿ ಸಿಕ್ಕಿಕೊಳ್ಳಬಾರದು ಎಂದೇ ಪ್ರತಿ ಅಂತಸ್ತಿನಲ್ಲೂ ತೆರೆಯಬಲ್ಲ ಕಿಟಕಿ ಇರಲೇಬೇಕು. ಮುಂಭಾಗವನ್ನೆಲ್ಲ ಗಾಜಿನಿಂದ ಮುಚ್ಚಿ, ಗಾಳಿಗೂ ದಾರಿ ಬಿಡದ ಕಟ್ಟಡಗಳು ಈಗ ತಾಲ್ಲೂಕು ಕೇಂದ್ರಗಳಲ್ಲೂ ಏಳುತ್ತಿವೆ. ದವಾಖಾನೆ, ವಸತಿ ನಿಲಯ, ಕೋಚಿಂಗ್ ತರಗತಿ ನಡೆಸುವವರನ್ನು ಕೈಮುಗಿದು ಕೇಳುತ್ತೇನೆ. ಗಾಜಿನ ಗೋಡೆಯಲ್ಲಿ ತೆರೆಯುವ ಕಿಟಕಿ ಬಿಡಿ. ಅದಕ್ಕೆ ಬೀಗ ಜಡಿಯಬೇಡಿ. ಬೆಂಕಿ ತಡೆಯುವ ಗಾಜು ಬೇರೆಯೇ ಇದೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಬೆಂಕಿಯಲ್ಲೇ ಇಟ್ಟು ಪರೀಕ್ಷಿಸಿದ ಗಾಜು ಅದು. ಮೆಟ್ಟಿಲ ಕೋಣೆಯ ಬಾಗಿಲಿಗೆ ಗಾಜು ಬೇಕಿದ್ದರೆ ಅದೇ ಬೇಕು. ಬರಿಯ ಟಫನ್ ಬೆಂಕಿಯ ಮುಂದೆ ನಿಲ್ಲುವುದಿಲ್ಲ.

ಕೊನೆಗೆ, ಇವನ್ನೆಲ್ಲ ಗುರುತಿಸುವುದು ಹೇಗೆ? ಕಣ್ಣಿಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಕಟ್ಟಡದ ಸುರಕ್ಷತಾ ಗಾಜಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಇದೆ. ಅದರ ಸಂಖ್ಯೆ 2553, ಭಾಗ ಒಂದು. ಬರೆದುಕೊಳ್ಳಿ, ಎರಡು, ಐದು, ಐದು, ಮೂರು. 2020ರಲ್ಲಿ ಕೇಂದ್ರ ಸರ್ಕಾರ ಸುರಕ್ಷತಾ ಗಾಜಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ, ಐಎಸ್‌ಐ ಗುರುತು ಕಡ್ಡಾಯ ಮಾಡಿತು. ಒಳ್ಳೆಯ ಗಾಜಿನ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತದೆ. ಬೆರಳಿನಿಂದ ಉಜ್ಜಿದರೆ, ನೀರಿನಿಂದ ತೊಳೆದರೆ ಹೋಗುವುದಿಲ್ಲ. ಕಾಗದದ ಚೀಟಿ ಅಂಟಿಸಿದ್ದರೆ ನಂಬಬೇಡಿ. ಮುದ್ರೆ ಚೌಕಟ್ಟಿನ ಒಳಗೆ ಮುಚ್ಚಿಹೋಗದಂತೆ ಕೂರಿಸಲು ಹೇಳಿ. ಪದರಗಾಜೋ ಅಲ್ಲವೋ ತಿಳಿಯಲು ಚೌಕಟ್ಟಿಗೆ ಸಿಗಿಸುವ ಮೊದಲು ಅಂಚನ್ನು ನೋಡಿ. ಎರಡು ಗಾಜಿನ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತದೆ.

ಗುತ್ತಿಗೆದಾರರಿಂದ ಅಂದಾಜು ಪಟ್ಟಿ ಮಾಡಿಸುವಾಗ ಬರಿ "ಗಾಜಿನ ಬಾಗಿಲು" ಎಂದು ಬರೆಯಿಸಬೇಡಿ. ಬಾಗಿಲಿಗೆ ಹದಗೊಳಿಸಿದ್ದು, ರೇಲಿಂಗಿಗೆ ಮತ್ತು ತಲೆಯ ಮೇಲಿನದಕ್ಕೆ ಪದರದ್ದು, ಇಷ್ಟು ಎಂಎಂ, ಐಎಸ್‌ಐ ಗುರುತಿನದ್ದು ಎಂದು ಪೂರ್ತಿ ಬರೆಯಿಸಿ. ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಯ ಕೆಲಸಕ್ಕೂ ಇದೇ ಮಾತು. ಅಲ್ಲಿ ಇನ್ನೊಂದು ಸಾಲು ಸೇರಿಸಿ. ದೊಡ್ಡವರ ಕಣ್ಣಿನ ಎತ್ತರಕ್ಕೆ ಒಂದು, ಮಕ್ಕಳ ಕಣ್ಣಿನ ಎತ್ತರಕ್ಕೆ ಒಂದು, ಎರಡು ಬಣ್ಣದ ಪಟ್ಟಿ ಗಾಜಿನ ಬಾಗಿಲಿಗೆ ಅಂಟಿಸಬೇಕು. ಗಾಜು ಬಂದ ದಿನ, ಗಾಡಿಯಿಂದ ಇಳಿಸುವ ಮೊದಲೇ ಪ್ರತಿ ಹಲಗೆಯ ಮೂಲೆ ನೋಡಿ. ಮುದ್ರೆ ಇಲ್ಲದಿದ್ದರೆ ಅದೇ ಗಾಡಿಯಲ್ಲಿ ಮರಳಿ ಕಳಿಸಿ.